ನಿಧಾನವಾದ ಕಣ್ಣುಗಳ ಚರಿತ್ರೆ

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬುದು ನಮ್ಮ ಹಿರಿಯರ ಮಾತು. ಈ ಗಾದೆಯನ್ನು ವಿಸ್ತರಿಸಿ ಬರೆಯಿರಿ ಎಂದು ನಾವು ನಮ್ಮ ವಿದ್ಯಾರ್ಥಿಗಳಿಗೆ ಎಷ್ಟೋ ಬಾರಿ ಹೇಳಿದ್ದೇವೆ. ಆದರೆ ಅದೇ ಗಾದೆಯನ್ನು ನಾವು ಮರೆತು ನಡೆದುಕೊಂಡ ಒಂದು ಪ್ರಸಂಗದಿಂದಲೇ ಈ ಲೇಖನವು ಹುಟ್ಟಿತೆಂಬುದನ್ನು ಮೊದಲಿಗೇ ಒಪ್ಪಿಕೊಂಡುಬಿಡುವುದು ಲೇಸು.

ಕೆಲವು ವರ್ಷಗಳ ಹಿಂದೆ ಗೂಡಲೂರಿನ ಕಡೆಯ ಒಂದು ಶಾಲೆಯಲ್ಲಿ ನಾವು ನಾಲ್ಕನೆಯ ತರಗತಿಗೆ ಪಾಠ ಹೇಳುತ್ತಿದ್ದೆವು. ಶಾಲೆಯು ಚಹಾ ತೋಟದ ಇಳಿಜಾರಿನಲ್ಲಿತ್ತು. ರಸ್ತೆಯಿಂದ ಇಪ್ಪತ್ತು ಮೆಟ್ಟಿಲು ಇಳಿದು ಬರಬೇಕಾಗಿತ್ತು. ಆ ತರಗತಿಯ ಬಾಲಕನೊಬ್ಬನ ತಂದೆ ತೋಟದ ಕೆಲಸಗಾರರು. ವಯಸ್ಸು ನಲವತ್ತರ ಒಳಗೆ. ಒಂದು ಬೆಳಗ್ಗೆ ಅವರು ಮಗನ ವಿಷಯವಾಗಿ ನಮ್ಮನ್ನು ಕಾಣಬಂದರು. ಮೆಟ್ಟಿಲಿಳಿಯುವಾಗ ಅವರ ಕಾಲುಗಳು ಅತ್ತಿತ್ತ ಹೊಯ್ದಾಡುತ್ತಿದ್ದುವು. ಮಾತು ತೊದಲುತ್ತಿತ್ತು. ನಾವು ಮಾತನಾಡಿಸಿದರೆ ಮೊದಲು ತಲೆ ನಮ್ಮ ಕಡೆಗೆ ತಿರುಗುವುದು. ಕಣ್ಣು ಆಮೇಲೆ ಮೆಲ್ಲಮೆಲ್ಲನೆ ಬಂದು ಸೇರುವುದು. ರಿಜಿಸ್ಟರಿನಲ್ಲಿ ರುಜು ಮಾಡಬೇಕಾದ ಜಾಗವನ್ನು ತೋರಿಸಿದೆವು. ಅವರ ರುಜು ಎರಡು ಸಾಲು ಕೆಳಗೆ ಬಿದ್ದಿತು. ಬೆಳಗಿನ ಒಂಬತ್ತೂವರೆ ಗಂಟೆಗೇ ಕುಡಿದು ಬಂದಿದ್ದಾರೆಂದು ನಾವು ನಿಶ್ಚಯಿಸಿಬಿಟ್ಟೆವು. ನಿಶ್ಚಯಿಸಿದುದು ಮಾತ್ರವಲ್ಲ, "ಕುಡಿದು ಶಾಲೆಗೆ ಬರಕೂಡದೆಂದು ನಿಮ್ಮ ಅಪ್ಪನಿಗೆ ಹೇಳು" ಎಂದು ಎಲ್ಲ ಮಕ್ಕಳ ಎದುರಿಗೇ ಆ ಹುಡುಗನಿಗೆ ಹೇಳಿದೆವು. ಅವನು ತಲೆ ತಗ್ಗಿಸಿ, "ಅಪ್ಪ ಕುಡಿಯೋದಿಲ್ಲ ಸಾರ್, ಅವರ ಕಣ್ಣು ನಿಧಾನ" ಎಂದನು. ತರಗತಿಯೆಲ್ಲ ನಕ್ಕಿತು. ನಾವೂ ನಕ್ಕೆವು.

ಮರುದಿನದಿಂದ ಆ ಬಾಲಕನು ಶಾಲೆಗೆ ಬರಲಿಲ್ಲ. ಎರಡು ವಾರಗಳ ಮೇಲೆ ಅವನ ತಾಯಿ ಕಾಗದಗಳ ಒಂದು ಕಟ್ಟನ್ನು ಹಿಡಿದು ಬಂದರು. ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ವೈದ್ಯರು ಬರೆದುಕೊಟ್ಟ ಕಾಗದಗಳವು. ಅವುಗಳಲ್ಲಿ ಒಂದು ನರರೋಗದ ಹೆಸರಿತ್ತು. ರೋಗಿಯ ತಾಯಿಗೂ ಇದೇ ರೋಗವಿದ್ದಿರಬೇಕೆಂಬ ಟಿಪ್ಪಣಿಯಿತ್ತು. ಪರೀಕ್ಷೆಯಲ್ಲಿ ಕಂಡ ಲಕ್ಷಣಗಳ ಪಟ್ಟಿಯಲ್ಲಿ ಮೊದಲನೆಯದಾಗಿ, ಕಣ್ಣಿನ ಚಲನೆ ಬಹಳ ನಿಧಾನ ಎಂದು ಬರೆದಿತ್ತು. ಒಂಬತ್ತು ವರ್ಷದ ಬಾಲಕನು ಸರಿಯಾಗಿ ಕಂಡು ಹೇಳಿದುದನ್ನು ಶಿಕ್ಷಕರ ತರಬೇತಿ ಪಡೆದ ನಾವು ಕಾಣದೆ ಹೋಗಿದ್ದೆವು. ಅಂದಿನಿಂದ ಈ ವಿಷಯವಾಗಿ ದೊರೆತುದನ್ನೆಲ್ಲ ಓದುತ್ತ ಬಂದೆವು. ಆ ಓದಿನ ಸಾರವನ್ನು ನಮ್ಮಂತಹ ಶಿಕ್ಷಕರ ಮತ್ತು ವಿದ್ಯಾರ್ಥಿಗಳ ಮುಂದೆ ಇಡುವುದೇ ಇಲ್ಲಿಯ ಉದ್ದೇಶ.

ವಂಶದಲ್ಲಿ ಇಳಿದುಬರುವ ರೋಗಗಳ ಚರಿತ್ರೆಯಲ್ಲಿ ನಮ್ಮ ನೀಲಗಿರಿಗೆ ಹಿಂದಿನಿಂದಲೇ ಒಂದು ಸ್ಥಾನವುಂಟು. 1952ನೆಯ ಇಸವಿಯಲ್ಲಿ ಲೇಮನ್ ಮತ್ತು ಕಟ್‌ಬುಷ್ ಎಂಬ ಇಬ್ಬರು ವಿಜ್ಞಾನಿಗಳು ಈ ಬೆಟ್ಟದ ಬುಡಕಟ್ಟುಗಳ ಜನರ ರಕ್ತವನ್ನು ಪರೀಕ್ಷಿಸಿ, ಕೆಂಪು ರಕ್ತಕಣಗಳು ಕುಡುಗೋಲಿನ ಆಕಾರಕ್ಕೆ ತಿರುಗುವ ಆನುವಂಶಿಕ ಗುಣವು ದಕ್ಷಿಣ ಭಾರತದಲ್ಲಿಯೂ ಉಂಟೆಂದು ಪ್ರಕಟಿಸಿದರು. ಅದು ರಕ್ತದ ರೋಗ. ನಾವು ಹೇಳಹೊರಟಿರುವುದು ನರಗಳ ರೋಗ. ಆದರೆ ಎರಡಕ್ಕೂ ಸಾಮಾನ್ಯವಾದ ಒಂದು ಪಾಠವಿದೆ. ಇಂತಹ ರೋಗವು ಪಾಪದ ಫಲವಲ್ಲ, ದೃಷ್ಟಿ ತಾಗಿದುದಲ್ಲ, ನಡತೆಯ ದೋಷವಲ್ಲ. ತಂದೆತಾಯಿಗಳಿಂದ ಮಕ್ಕಳಿಗೆ ಬರುವ ಜೀನುಗಳೆಂಬ ಬರಹದಲ್ಲಿ ಎಲ್ಲಿಯೋ ಒಂದು ತಪ್ಪು ನಕಲಾಗಿರುವುದೇ ಇದರ ಕಾರಣ.

ನರಗಳ ವಂಶರೋಗಗಳನ್ನು ವೈದ್ಯರು ಕ್ರಮವಾಗಿ ಗುರುತಿಸತೊಡಗಿದುದು ಹತ್ತೊಂಬತ್ತನೆಯ ಶತಮಾನದಲ್ಲಿ. ಜರ್ಮನಿಯ ಹೈಡೆಲ್‌ಬರ್ಗಿನ ನಿಕೊಲಾಸ್ ಫ್ರೀಡ್ರೀಷನು 1863ರಲ್ಲಿ, ಎಳೆಯ ವಯಸ್ಸಿನಲ್ಲಿಯೇ ನಡಿಗೆಯ ಹಿಡಿತ ತಪ್ಪಿಸುವ ಒಂದು ರೋಗವನ್ನು ವಿವರಿಸಿದನು. ಹೀಗೆ ಹಿಡಿತ ತಪ್ಪುವುದಕ್ಕೆ ವೈದ್ಯರು ಅಟಾಕ್ಸಿಯ ಎಂದು ಹೆಸರಿಟ್ಟಿದ್ದಾರೆ. 1872ರಲ್ಲಿ ಅಮೆರಿಕದ ಜಾರ್ಜ್ ಹಂಟಿಂಗ್ಟನ್ ಎಂಬ ತರುಣ ವೈದ್ಯನು, ಅಂಗಗಳು ತಮಗೆ ತಾವೇ ಕುಣಿಯುವ ಮತ್ತೊಂದು ರೋಗವು ಕೆಲವು ಮನೆತನಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ಬರುವುದನ್ನು ವರ್ಣಿಸಿದನು. ಅವನ ತಂದೆಯೂ ಅಜ್ಜನೂ ಅದೇ ಊರಿನಲ್ಲಿ ವೈದ್ಯರಾಗಿದ್ದುದರಿಂದ ಮೂರು ತಲೆಮಾರಿನ ಅನುಭವವು ಅವನಿಗೆ ಕೈಗೂಡಿತ್ತು. 1893ರಲ್ಲಿ ಫ್ರಾನ್ಸಿನ ಪಿಯೆರ್ ಮರಿಯು, ಪ್ರಾಯ ಬಂದ ಮೇಲೆ ತೊಡಗುವ ಅಟಾಕ್ಸಿಯವನ್ನು ಫ್ರೀಡ್ರೀಷನ ರೋಗದಿಂದ ಬೇರ್ಪಡಿಸಿದನು. ಅದರ ಲಕ್ಷಣಗಳಲ್ಲಿ ಕಣ್ಣಿನ ದೋಷಗಳನ್ನೂ ಸೇರಿಸಿದನು.

ಇಲ್ಲಿ ಓದುಗರು ಒಂದು ಪ್ರಶ್ನೆಯನ್ನು ಕೇಳಬಹುದು: ಕೈಕಾಲುಗಳ ರೋಗಕ್ಕೂ ಕಣ್ಣಿಗೂ ಏನು ಸಂಬಂಧ? ಉತ್ತರವು ನಮ್ಮ ತರಗತಿಯಲ್ಲಿಯೇ ಇದೆ. ಪುಸ್ತಕವನ್ನು ಓದುವ ಮಗುವಿನ ಕಣ್ಣುಗಳನ್ನು ಎದುರಿಗೆ ಕುಳಿತು ನೋಡಿರಿ. ಕಣ್ಣು ಸಾಲಿನ ಮೇಲೆ ಬಂಡಿಯ ಗಾಲಿಯಂತೆ ಉರುಳಿಕೊಂಡು ಹೋಗುವುದಿಲ್ಲ. ಮಿಡತೆಯಂತೆ ನೆಗೆಯುತ್ತದೆ, ಕ್ಷಣಕಾಲ ನಿಲ್ಲುತ್ತದೆ, ಮತ್ತೆ ನೆಗೆಯುತ್ತದೆ. ಒಂದು ಸೆಕೆಂಡಿಗೆ ಮೂರು ನಾಲ್ಕು ನೆಗೆತಗಳು. ಜರ್ಮನಿಯ ಹೇರಿಂಗನೂ, ಪ್ಯಾರಿಸಿನ ನೇತ್ರವೈದ್ಯ ಜವಾಲನ ಪ್ರಯೋಗಶಾಲೆಯವರೂ ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಇದನ್ನು ಕಂಡುಕೊಂಡರು. ಈ ನೆಗೆತಕ್ಕೆ ಸಕ್ಕಾಡ್ ಎಂಬ ಫ್ರೆಂಚ್ ಹೆಸರು ನಿಂತಿದೆ. ನಾವು ನೋಡುವುದೆಲ್ಲ ಈ ನೆಗೆತಗಳ ನಡುವಣ ನಿಲುಗಡೆಗಳಲ್ಲಿ. ಒಂದು ಸಾಲಿನ ಕೊನೆಯಿಂದ ಮುಂದಿನ ಸಾಲಿನ ಮೊದಲಿಗೆ ಬರುವುದೂ ಒಂದು ದೊಡ್ಡ ನೆಗೆತವೇ.

ಕಣ್ಣನ್ನು ಹೀಗೆ ನೆಗೆಯಿಸುವುದು ಆರು ಸಣ್ಣ ಸ್ನಾಯುಗಳು. ಅವುಗಳಿಗೆ ಅಪ್ಪಣೆ ಬರುವುದು ಮೆದುಳಿನ ಕಾಂಡದಿಂದ. ಕಾಂಡದ ನಡುಭಾಗಕ್ಕೆ ಸೇತುವೆಂದು ಹೆಸರು. ಅಲ್ಲಿಯ ಕೆಲವು ನರಕೋಶಗಳು ಸಿಡಿಮದ್ದಿನಂತೆ ಒಮ್ಮೆಲೆ ಸಂಕೇತಗಳನ್ನು ಕಳುಹಿಸಿ ಕಣ್ಣನ್ನು ಪಕ್ಕಕ್ಕೆ ಚಿಮ್ಮಿಸುತ್ತವೆ. ನೆಗೆತವು ಗುರಿ ಮುಟ್ಟಿತೆ, ಮೀರಿತೆ, ಕಡಿಮೆಯಾಯಿತೆ ಎಂದು ತಿದ್ದುವ ಕೆಲಸ ಹಿಂದಲೆಯ ಕಿರುಮೆದುಳಿನದು. ನಡಿಗೆಯನ್ನೂ ಮಾತನ್ನೂ ಕೈಯ ಹಿಡಿತವನ್ನೂ ತಿದ್ದುವುದು ಇದೇ ಕಿರುಮೆದುಳು. ಆದುದರಿಂದ ಕಿರುಮೆದುಳು ಮತ್ತು ಕಾಂಡಗಳ ನರಕೋಶಗಳು ಸವೆದುಹೋಗುವ ರೋಗದಲ್ಲಿ ಕಾಲು ತಪ್ಪುವಂತೆ ಕಣ್ಣೂ ತಪ್ಪುತ್ತದೆ. ಕಣ್ಣಿನ ಮಸೂರಕ್ಕೂ ಪರದೆಗೂ ಏನೂ ಆಗದಿದ್ದರೂ ನೋಟವು ಕೆಡುತ್ತದೆ.

ಈ ಸಂಗತಿಯ ಚರಿತ್ರೆಯಲ್ಲಿ ಭಾರತದ ಪಾಲು ಹಿರಿದು; ನಮ್ಮ ಪಠ್ಯಪುಸ್ತಕಗಳಲ್ಲಿ ಇದನ್ನು ನಾವು ಕಂಡಿಲ್ಲ. ಮುಂಬಯಿಯ ಜೆ.ಜೆ. ಆಸ್ಪತ್ರೆಯಲ್ಲಿ ನೌಶೀರ್ ವಾಡಿಯಾ ಎಂಬ ನರರೋಗ ತಜ್ಞರಿದ್ದರು. ಅಲ್ಲಿಗೆ ಬರುತ್ತಿದ್ದ ಅಟಾಕ್ಸಿಯ ರೋಗಿಗಳಲ್ಲಿ ಕೆಲವರ ಕಣ್ಣುಗಳು ಅವರ ಗಮನ ಸೆಳೆದುವು. ಎಡಗಡೆಯ ಬೆರಳನ್ನು ನೋಡಿ, ಈಗ ಬಲಗಡೆಯ ಬೆರಳನ್ನು ನೋಡಿ ಎಂದರೆ ಸಾಮಾನ್ಯರ ಕಣ್ಣು ಮಿಂಚಿನಂತೆ ಹಾರುತ್ತದೆ. ಎಷ್ಟು ಬೇಗವೆಂದರೆ ನಡುವಣ ದಾರಿ ನಮಗೆ ಕಾಣುವುದೇ ಇಲ್ಲ. ಈ ರೋಗಿಗಳ ಕಣ್ಣಾದರೋ ನೀರಿನಲ್ಲಿ ತೇಲುವ ಎಲೆಯಂತೆ ಮೆಲ್ಲಗೆ ಸಾಗುತ್ತಿತ್ತು. ಆಗಿನ ವೈದ್ಯಗ್ರಂಥಗಳಲ್ಲಿ ಅಟಾಕ್ಸಿಯದ ಹಲವು ವರ್ಗೀಕರಣಗಳಿದ್ದರೂ ನಿಧಾನವಾದ ಕಣ್ಣುಗಳದೇ ಒಂದು ಪ್ರತ್ಯೇಕ ವರ್ಗವಿರಲಿಲ್ಲ. ವಾಡಿಯಾ ಅವರು ರೋಗಿಗಳ ಬಂಧುಗಳನ್ನೂ ಪರೀಕ್ಷಿಸಿದರು. ಒಂದೇ ಮನೆತನದಲ್ಲಿ ತಲೆಮಾರಿನಿಂದ ತಲೆಮಾರಿಗೆ ಅಟಾಕ್ಸಿಯವೂ ನಿಧಾನದ ಕಣ್ಣೂ ಜೊತೆಜೊತೆಯಾಗಿ ಬರುತ್ತಿದ್ದುವು. 1971ರಲ್ಲಿ ಆರ್.ಕೆ. ಸ್ವಾಮಿಯವರೊಡನೆ ಸೇರಿ, ಲಂಡನ್ನಿನ ಬ್ರೇನ್ ಎಂಬ ಪತ್ರಿಕೆಯಲ್ಲಿ ಒಂಬತ್ತು ಮನೆತನಗಳ ವೃತ್ತಾಂತವನ್ನು ಪ್ರಕಟಿಸಿದರು. ನಿಧಾನವಾದ ಕಣ್ಣಿನ ಚಲನೆಯುಳ್ಳ ಒಂದು ಹೊಸ ಬಗೆಯ ವಂಶರೋಗವಿದು ಎಂಬುದು ಅವರ ಪ್ರತಿಪಾದನೆ.

ಐದು ವರ್ಷಗಳ ಮೇಲೆ, 1976ರಲ್ಲಿ, ಅಮೆರಿಕದ ಡೇವಿಡ್ ಜೀ ಮತ್ತು ಸಂಗಡಿಗರು ಇಂತಹ ರೋಗಿಗಳ ಕಣ್ಣಿನ ಚಲನೆಯನ್ನು ಯಂತ್ರಗಳಿಂದ ಅಳೆದು ಸಕ್ಕಾಡುಗಳ ನಿಧಾನವನ್ನು ವಿವರಿಸಿದರು. ಸೇತುವಿನಲ್ಲಿ ಚಿಮ್ಮಿಸುವ ನರಕೋಶಗಳು ನಶಿಸಿದರೆ ಕಣ್ಣಿನ ವೇಗವು ಇಳಿಯುತ್ತದೆಂಬುದು ಕ್ರಮೇಣ ಸ್ಪಷ್ಟವಾಯಿತು. ಆದರೂ ಮುಂಬಯಿಯ ಆ ಮನೆತನಗಳದು ನಿಜವಾಗಿಯೂ ಒಂದೇ ರೋಗವೆ ಎಂಬ ಪ್ರಶ್ನೆ ಹಾಗೆಯೇ ಉಳಿಯಿತು. ಕಣ್ಣಾರೆ ಕಂಡುದಕ್ಕೆ ಪ್ರಮಾಣ ಬೇಕಾಗಿತ್ತು.

ಪ್ರಮಾಣವು ಬಂದುದು ಬಹು ದೂರದಿಂದ. ಕ್ಯೂಬಾ ದ್ವೀಪದ ಓಲ್ಗೀನ್ ಎಂಬ ಪ್ರಾಂತದಲ್ಲಿ ಅಟಾಕ್ಸಿಯವು ಅಸಾಧಾರಣವಾಗಿ ಹೆಚ್ಚು. ಅಲ್ಲಿಯ ಮನೆತನಗಳನ್ನು ಅಧ್ಯಯನ ಮಾಡಿ 1993ರಲ್ಲಿ ರೋಗದ ಜೀನು 12ನೆಯ ವರ್ಣತಂತುವಿನಲ್ಲಿದೆಯೆಂದು ಗೊತ್ತುಮಾಡಿದರು. 1996ರಲ್ಲಿ ಅಮೆರಿಕ, ಫ್ರಾನ್ಸ್, ಜಪಾನುಗಳ ಮೂರು ತಂಡಗಳು ಏಕಕಾಲಕ್ಕೆ ಆ ಜೀನನ್ನೇ ಹಿಡಿದುವು. ಅದರಲ್ಲಿಯ ತಪ್ಪು ವಿಚಿತ್ರವಾದುದು. ಸಿ.ಎ.ಜಿ. ಎಂಬ ಮೂರಕ್ಷರದ ಪದವೊಂದು ಆ ಜೀನಿನಲ್ಲಿ ಸಾಮಾನ್ಯವಾಗಿ 22 ಬಾರಿ ಬರುತ್ತದೆ. ರೋಗಿಗಳಲ್ಲಿ ಅದು 33ಕ್ಕೂ ಹೆಚ್ಚು ಬಾರಿ ಬರೆಯಲ್ಪಟ್ಟಿರುತ್ತದೆ. ಕಾಪಿ ಬರೆಯುವ ಮಗು ಒಂದೇ ಪದವನ್ನು ಮತ್ತೆ ಮತ್ತೆ ಬರೆದಂತೆ! ಈ ಪುನರಾವೃತ್ತಿಯು ಹೆಚ್ಚಿದಷ್ಟೂ ರೋಗವು ಎಳೆಯ ವಯಸ್ಸಿನಲ್ಲಿ ತೊಡಗುತ್ತದೆ. ತಲೆಮಾರಿನಿಂದ ತಲೆಮಾರಿಗೆ ಹೋಗುವಾಗ ಪುನರಾವೃತ್ತಿಯು ಇನ್ನೂ ಬೆಳೆಯುವುದುಂಟು. ಈ ರೋಗಕ್ಕೆ ಎಸ್.ಸಿ.ಎ. 2 ಎಂದು ಹೆಸರು. ಸ್ಪೈನೊಸೆರಿಬೆಲ್ಲರ್ ಅಟಾಕ್ಸಿಯದ ಎರಡನೆಯ ಬಗೆ ಎಂದರ್ಥ. ಇಂದು ಇಂತಹ ನಲವತ್ತಕ್ಕೂ ಹೆಚ್ಚು ಬಗೆಗಳು ತಿಳಿದಿವೆ.

1998ರಲ್ಲಿ ವಾಡಿಯಾ ಅವರು ಮತ್ತು ಸಂಗಡಿಗರು ಅದೇ ಬ್ರೇನ್ ಪತ್ರಿಕೆಯಲ್ಲಿ ಮತ್ತೊಂದು ಲೇಖನವನ್ನು ಪ್ರಕಟಿಸಿದರು. ಎಸ್.ಸಿ.ಎ. 2 ಎಂದು ಜೀನಿನ ಪರೀಕ್ಷೆಯಿಂದ ಖಚಿತವಾದ ಆರು ಭಾರತೀಯ ವಂಶಗಳ ವೃತ್ತಾಂತವದು. ಈ ರೋಗವನ್ನು ಗುರುತಿಸುವುದರಲ್ಲಿ ನಿಧಾನದ ಸಕ್ಕಾಡುಗಳಿಗೆ ಎಂತಹ ಬೆಲೆಯಿದೆಯೆಂಬುದನ್ನು ಅದು ತೋರಿಸಿತು. ಇಪ್ಪತ್ತೇಳು ವರ್ಷಗಳ ಹಿಂದೆ ಹಾಸಿಗೆಯ ಪಕ್ಕದಲ್ಲಿ ನಿಂತು ಎರಡು ಕಣ್ಣುಗಳಲ್ಲಿ ಕಂಡುದನ್ನು ಪ್ರಯೋಗಶಾಲೆಯು ಹೌದೆಂದಿತು. 2012ರಲ್ಲಿ ವಾಡಿಯಾ ಅವರಿಗೆ ಪದ್ಮಭೂಷಣ ಪ್ರಶಸ್ತಿ ಸಂದಿತು. 2016ರಲ್ಲಿ ಅವರು ತೀರಿಕೊಂಡರು. ಕ್ಯೂಬಾದ ವಿಜ್ಞಾನಿಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ನಡಿಗೆ ತಪ್ಪುವುದಕ್ಕೆ ವರ್ಷಗಳ ಮುಂಚೆಯೇ ಕಣ್ಣಿನ ವೇಗವು ಇಳಿಯತೊಡಗುವುದನ್ನು ಅಳೆದಿದ್ದಾರೆ. ರೋಗವು ಮೊದಲು ಸುಳಿವು ಕೊಡುವುದು ಕಣ್ಣಿನಲ್ಲಿಯೇ ಎಂದಾಯಿತು.

ಕನ್ನಡ ನಾಡಿನಲ್ಲಿ ಈ ಕೆಲಸವು ನಡೆದಿರುವುದು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ. ಅಲ್ಲಿಯ ಹಳೆಯ ಮಾನಸಿಕ ಆಸ್ಪತ್ರೆಯನ್ನೂ 1954ರಲ್ಲಿ ಸ್ಥಾಪಿತವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯನ್ನೂ ಕೂಡಿಸಿ 1974ರಲ್ಲಿ ಈ ಸಂಸ್ಥೆಯನ್ನು ರಚಿಸಿದರು. ದಕ್ಷಿಣ ಭಾರತದ ಅಟಾಕ್ಸಿಯ ರೋಗಿಗಳ ಜೀನುಗಳನ್ನು ಪರೀಕ್ಷಿಸಿ, ಎಸ್.ಸಿ.ಎ. 1, 2 ಮತ್ತು 3 ಎಂಬ ಬಗೆಗಳ ವಿಷಯವಾಗಿ ಅಲ್ಲಿಯ ವಿಜ್ಞಾನಿಗಳು 2007ರಲ್ಲಿ ಬರೆದಿದ್ದಾರೆ. ಗೂಡಲೂರು, ಮಸಿನಗುಡಿಗಳ ರೋಗಿಗಳು ಮುದುಮಲೆ ಬಂಡೀಪುರದ ಕಾಡನ್ನು ದಾಟಿ ಮೈಸೂರಿನ ಮೇಲೆ ಬೆಂಗಳೂರಿಗೆ ಹೋಗುವುದು ದೂರದ ಪ್ರಯಾಣವೇ ಸರಿ. 2022ರಲ್ಲಿ ನೀಲಗಿರಿ ಜಿಲ್ಲೆಗೆ ಉದಕಮಂಡಲದಲ್ಲಿ ಸರಕಾರಿ ವೈದ್ಯಕೀಯ ಕಾಲೇಜು ಬಂದಿರುವುದರಿಂದ ಮೊದಲನೆಯ ಪರೀಕ್ಷೆಗೆ ಅಲ್ಲಿಗೆ ಹೋಗಬಹುದು.

ವಂಶದ ನರರೋಗಗಳೆಲ್ಲವೂ ಕಣ್ಣನ್ನು ಒಂದೇ ರೀತಿಯಲ್ಲಿ ಕೆಡಿಸುವುದಿಲ್ಲ. ಎಸ್.ಸಿ.ಎ. 2ರಲ್ಲಿ ಅಕ್ಷರಫಲಕವನ್ನು ಓದಿಸಿದರೆ ರೋಗಿಯು ಕೊನೆಯ ಸಾಲಿನವರೆಗೂ ಓದಬಹುದು. ಕನ್ನಡಕದಿಂದ ನೆಗೆತದ ವೇಗವು ಹೆಚ್ಚುವುದಿಲ್ಲ. ಎಸ್.ಸಿ.ಎ. 3ರಲ್ಲಿ ಒಂದು ವಸ್ತುವು ಎರಡಾಗಿ ಕಾಣುವುದುಂಟು. ಪಟ್ಟಕದ ಕನ್ನಡಕದಿಂದ ಕೆಲವರಿಗೆ ಉಪಶಮನವಾಗುತ್ತದೆ. ಎಸ್.ಸಿ.ಎ. 6ರಲ್ಲಿ ಕಣ್ಣು ತಾನಾಗಿ ಅದುರುವುದರಿಂದ ಎದುರಿನ ಗೋಡೆಯೇ ಕುಣಿದಂತೆ ತೋರಬಹುದು. ಎಸ್.ಸಿ.ಎ. 7ರಲ್ಲಿ ಮಾತ್ರ ಕಣ್ಣಿನ ಪರದೆಯೇ ನಶಿಸುತ್ತದೆ; ಮೊದಲು ಬಣ್ಣಗಳ ಭೇದವು ಮಂಕಾಗಿ, ಕಡೆಗೆ ದೃಷ್ಟಿಯೇ ಹೋಗುತ್ತದೆ. ಹಂಟಿಂಗ್ಟನ್ ರೋಗದಲ್ಲಿ ನೆಗೆತವನ್ನು ತೊಡಗಿಸುವುದೇ ಕಷ್ಟ. ರೋಗಿಯು ಒಮ್ಮೆ ರೆಪ್ಪೆ ಮುಚ್ಚಿ ತೆರೆದು ಅಥವಾ ತಲೆಯನ್ನು ಒದರಿ ಕಣ್ಣನ್ನು ಹೊರಡಿಸುತ್ತಾನೆ. ಇದನ್ನರಿಯದವರು ಅವನು ಕಣ್ಣು ತಪ್ಪಿಸುತ್ತಾನೆಂದೋ ಅಹಂಕಾರಿಯೆಂದೋ ತಿಳಿಯುತ್ತಾರೆ.

ಕಣ್ಣಿನ ಗುರುತಿನಿಂದ ಪ್ರಾಣವನ್ನೇ ಉಳಿಸಬಹುದಾದ ಒಂದು ರೋಗವೂ ಇದೆ. 1912ರಲ್ಲಿ ಲಂಡನ್ನಿನ ಕಿನ್ನಿಯರ್ ವಿಲ್ಸನ್ನನು ವಿವರಿಸಿದುದರಿಂದ ಅದಕ್ಕೆ ವಿಲ್ಸನ್ ರೋಗವೆಂದು ಹೆಸರು. ಆಹಾರದಲ್ಲಿಯ ತಾಮ್ರವನ್ನು ಹೊರಹಾಕಲಾರದೆ ದೇಹವು ಅದನ್ನು ಯಕೃತ್ತಿನಲ್ಲಿಯೂ ಮೆದುಳಿನಲ್ಲಿಯೂ ಕೂಡಿಡುತ್ತದೆ. ಶಾಲೆಗೆ ಹೋಗುವ ವಯಸ್ಸಿನಲ್ಲಿಯೇ ಕೈ ನಡುಗುವುದು, ಅಕ್ಷರ ಕೆಡುವುದು, ಮಾತು ತೊದಲುವುದು ತೊಡಗಬಹುದು. ಕಣ್ಣಿನ ಕರಿಗುಡ್ಡೆಯ ಅಂಚಿನಲ್ಲಿ ತಾಮ್ರದ ಕಂದುಹಸಿರು ಬಳೆಯೊಂದು ಕೂಡಿಕೊಳ್ಳುತ್ತದೆ. ಜರ್ಮನಿಯ ಕೈಸರನು 1902ರಲ್ಲಿಯೂ ಫ್ಲೈಷರನು 1903ರಲ್ಲಿಯೂ ಇದನ್ನು ಕಂಡಿದ್ದರು. ಬಳೆಯಿಂದ ನೋಟಕ್ಕೆ ತೊಂದರೆಯಿಲ್ಲ. ಆದರೆ ವೈದ್ಯನಿಗೆ ಅದು ದೀಪಸ್ತಂಭವಿದ್ದಂತೆ. 1956ರಲ್ಲಿ ಇಂಗ್ಲೆಂಡಿನ ಜಾನ್ ವಾಲ್ಷ್ ಅವರು ಪೆನಿಸಿಲಮೀನ್ ಎಂಬ ಔಷಧದಿಂದ ತಾಮ್ರವನ್ನು ಮೂತ್ರದ ಮೂಲಕ ಹೊರಹಾಕಿಸಿದರು. ನಿಮ್ಹಾನ್ಸ್‌ನ ವೈದ್ಯರು ಮೂರು ದಶಕಗಳಲ್ಲಿ ಕಂಡ 282 ವಿಲ್ಸನ್ ರೋಗಿಗಳ ವಿವರವನ್ನು 2007ರಲ್ಲಿ ಪ್ರಕಟಿಸಿದ್ದಾರೆ. ಬೇಗನೆ ಗುರುತಿಸಿ, ಜೀವಮಾನವೆಲ್ಲ ಔಷಧ ಕೊಟ್ಟರೆ ಬಹಳ ಮಂದಿ ಸುಧಾರಿಸುತ್ತಾರೆ. ಅಕ್ಷರ ಕೆಟ್ಟಿತೆಂದು ಬೆತ್ತವೆತ್ತುವ ಮೊದಲು, ಹೋದ ವರ್ಷ ಈ ಮಗುವಿನ ಅಕ್ಷರ ಹೇಗಿತ್ತೆಂದು ಹಳೆಯ ಕಾಪಿ ಪುಸ್ತಕವನ್ನು ತೆಗೆದು ನೋಡುವುದು ನಮ್ಮ ಕರ್ತವ್ಯವಲ್ಲವೆ?

ಎಸ್.ಸಿ.ಎ. 2ಕ್ಕೆ ಇಂದಿಗೂ ಗುಣಪಡಿಸುವ ಔಷಧವಿಲ್ಲ. ಫ್ರೀಡ್ರೀಷನ ರೋಗವನ್ನು ನಿಧಾನಗೊಳಿಸಲು ಒಮವೆಲಾಕ್ಸೊಲೋನ್ ಎಂಬ ಔಷಧಕ್ಕೆ 2023ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆತಿರುವುದು ಉಳಿದ ಅಟಾಕ್ಸಿಯ ರೋಗಿಗಳಿಗೂ ಒಂದು ಆಸೆಯ ಕಿರಣ. ಎಸ್.ಸಿ.ಎ. 2 ಇರುವ ತಂದೆಯ ಅಥವಾ ತಾಯಿಯ ಪ್ರತಿಯೊಂದು ಮಗುವಿಗೂ ರೋಗದ ಜೀನು ಬರುವ ಸಂಭವ ಅರ್ಧಕ್ಕರ್ಧ, ನಾಣ್ಯ ಚಿಮ್ಮಿದಂತೆ. ಜೀನಿನ ಪರೀಕ್ಷೆಯಿಂದ ಮುಂಚಿತವಾಗಿಯೇ ತಿಳಿಯಬಹುದಾದರೂ, ರೋಗವು ಕಾಣಿಸದ ಮಕ್ಕಳಿಗೆ ಅದನ್ನು ಮಾಡಿಸಕೂಡದೆಂಬುದು ವೈದ್ಯರ ನಿಯಮ. ದೊಡ್ಡವರಾದ ಮೇಲೆ ತಿಳಿಯಬೇಕೆ ಬೇಡವೆ ಎಂಬುದನ್ನು ಅವರೇ ನಿರ್ಧರಿಸಬೇಕು. ಹೀಗಿರುವಾಗ ಶಿಕ್ಷಕರಾದ ನಾವು ತರಗತಿಯಲ್ಲಿ ಅಂತಹ ಮಗುವಿನ ಕಣ್ಣನ್ನೂ ನಡಿಗೆಯನ್ನೂ ಅನುಮಾನದಿಂದ ನೋಡುವುದು ತರವಲ್ಲ. ಅವನ ಮನೆಯ ಸಂಗತಿಯನ್ನು ಬಲ್ಲೆವೆಂದು ಎಲ್ಲಿಯೂ ಆಡಬಾರದು.

ಮಾಡಬಹುದಾದುದು ಬಹಳವಿದೆ. ಸಾಲು ತಪ್ಪುವವರಿಗೆ ಸಾಲಿನ ಕೆಳಗೆ ಒಂದು ಪಟ್ಟಿಯನ್ನಿಡಬಹುದು. ಒಂದೇ ಸಾಲು ಕಾಣುವಂತೆ ನಡುವೆ ಸೀಳಿದ ರಟ್ಟನ್ನು ಕೊಡಬಹುದು. ದಪ್ಪಕ್ಷರದಲ್ಲಿ, ಸಾಲುಗಳ ನಡುವೆ ಜಾಗ ಬಿಟ್ಟು ಬರೆದುಕೊಡಬಹುದು. ಮೆಟ್ಟಿಲಿನ ಅಂಚಿಗೆ ಸುಣ್ಣದ ಗೆರೆ ಎಳೆಯಬಹುದು. ಮಾತನಾಡಿಸುವಾಗ ಎದುರಿಗೆ ನಿಂತು, ಕಣ್ಣು ಬಂದು ಸೇರುವವರೆಗೆ ಕಾಯಬಹುದು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯ ಪಟ್ಟಿಯಲ್ಲಿ ದೀರ್ಘಕಾಲದ ನರರೋಗಗಳೂ ಕುಡುಗೋಲು ಕಣದ ರೋಗವೂ ಸೇರಿವೆಯೆಂಬುದನ್ನು ಪೋಷಕರಿಗೆ ತಿಳಿಸಬಹುದು.

ಆ ದಿನ ಕಾಗದಗಳನ್ನು ಓದಿದ ಮೇಲೆ ನಾವು ಬಾಲಕನ ಮನೆಗೆ ಹೋದೆವು. ತಂದೆಯು ಬಾಗಿಲಲ್ಲಿಯೇ ಕುಳಿತಿದ್ದರು. ನಮ್ಮಿಂದ ತಪ್ಪಾಯಿತೆಂದು ಹೇಳಿದೆವು. ಅವರು ತಲೆಯನ್ನು ನಮ್ಮ ಕಡೆ ತಿರುಗಿಸಿದರು. ಕಣ್ಣು ಬರುವವರೆಗೆ ನಾವು ಕಾದೆವು. "ಹುಡುಗ ನಾಳೆ ಬರ್ತಾನೆ ಮೇಷ್ಟ್ರೇ" ಎಂದಷ್ಟೇ ಅವರು ಹೇಳಿದರು. ಮರುದಿನ, ಹಿಂದೆ ಅವನನ್ನು ನಗಿಸಿಕೊಂಡ ಅದೇ ತರಗತಿಯಲ್ಲಿ, ಅವನು ಹೇಳಿದುದು ಸರಿಯಾಗಿತ್ತು, ನಾವು ತಪ್ಪಿದೆವು ಎಂದು ಎಲ್ಲರ ಎದುರಿಗೂ ಹೇಳಿದೆವು. ಬೇರೆ ಏನನ್ನೂ ವಿವರಿಸಲಿಲ್ಲ. ಮುಂದಿನ ತಿಂಗಳು ತಂದೆಯು ಮತ್ತೆ ಶಾಲೆಗೆ ಬಂದಾಗ ನಾವು ರಸ್ತೆಯವರೆಗೆ ಹೋಗಿ ಅವರ ಕೈಹಿಡಿದು ಮೆಟ್ಟಿಲಿಳಿಸಿದೆವು. ರಿಜಿಸ್ಟರನ್ನು ತೆರೆದು, ರುಜು ಮಾಡಬೇಕಾದ ಸಾಲಿನ ಕೆಳಗೆ ಅಳತೆಪಟ್ಟಿಯನ್ನು ಇಟ್ಟೆವು. ರುಜು ಸರಿಯಾದ ಸಾಲಿನಲ್ಲಿಯೇ ಬಿದ್ದಿತು.